ಉಗುರುಬೆಚ್ಚಗಿನ ಭಕ್ತಿ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಗಾಗಿ ಬಿನ್ನಹವನ್ನೂ ವಾಚಕರು ಎದುರುನೋಡುವದು ವಾಡಿಕೆ. ಅವೆರಡೂ ಬೇರೆ ಪುಟಗಳಲ್ಲಿ ಇರುವವು. ನಾವು ಇಲ್ಲಿ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಸ್ವಲ್ಪ ಕಹಿಯಾದ ಮಾತೊಂದನ್ನು ಇಡಬೇಕೆಂದಿದ್ದೇವೆ. ಕ್ರೈಸ್ತರೆಂದು ಹೇಳಿಕೊಳ್ಳುವ ನಮ್ಮ ಮನೆಗಳಲ್ಲಿ ಭಕ್ತಿಯು ಆರಿಯೂ ಹೋಗಿಲ್ಲ, ಉರಿಯುತ್ತಲೂ ಇಲ್ಲ. ಬೂದಿ ಮುಚ್ಚಿದ ಕೆಂಡದಂತಿದೆ ಎಂದು ಹೇಳೋಣವೆಂದರೆ, ಕೆಂಡಕ್ಕಾದರೂ ಕಾವಿರುವದು.

ನಂಬಿಕೆಯನ್ನು ತೊರೆದು ಹೋದವರ ವಿಷಯವನ್ನು ನಾವು ಹೇಳುತ್ತಿಲ್ಲ. ಅಂಥವರಿಗೆ ಒಂದು ನಿಶ್ಚಯವಾದರೂ ಇರುವದು. ನಮ್ಮ ಚಿಂತೆಯು ಭಾನುವಾರ ತಪ್ಪದೆ ದೇವಾಲಯಕ್ಕೆ ಬರುವವರ ಕುರಿತಾದದ್ದು. ಅವರು ಕೀರ್ತನೆಗಳನ್ನು ಪುಸ್ತಕ ನೋಡದೆ ಹಾಡುವರು. ಕಾಣಿಕೆಯ ತಟ್ಟೆಗೆ ನೋಟನ್ನು ಹಾಕುವರು. ಕ್ರಿಸ್ಮಸ್ಸಿಗೆ ಮನೆಯ ಮುಂದೆ ನಕ್ಷತ್ರವನ್ನು ಕಟ್ಟುವರು. ಬೆಳಗಾದರೆ ಮೊಬೈಲಿನಲ್ಲಿ ಹತ್ತು ಮಂದಿಗೆ ವಚನವನ್ನು ಕಳುಹಿಸುವರು. ಆದರೆ ಸತ್ಯವೇದವು ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿರುವದು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಲಂಡನ್ ಮಿಶನ್ನಿನ ಬೋಧಕರು ಆ ಗ್ರಂಥವನ್ನು ಕನ್ನಡಕ್ಕೆ ತರಲು ಸುಮಾರು ಇಪ್ಪತ್ತು ವರ್ಷ ದುಡಿದರು. ಅಷ್ಟು ಶ್ರಮದ ಫಲವು ನಮ್ಮ ಮನೆಗಳಲ್ಲಿ ಮದುವೆಯ ಉಡುಗೊರೆಯಾಗಿ ಬಂದು, ಬಂದ ಹಾಗೆಯೇ ಉಳಿದಿದೆ.

ಪ್ರಕಟನೆಯ ಗ್ರಂಥದಲ್ಲಿ ಲವೊದಿಕೀಯದ ಸಭೆಗೆ ಬಂದ ಗದರಿಕೆಯನ್ನು ನಮ್ಮ ಹುಡುಗಿಯರು ಬಾಯಿಪಾಠ ಮಾಡಿರುವರು. ಆ ಪಟ್ಟಣದ ಚರಿತ್ರೆಯನ್ನು ತಿಳಿದರೆ ಮಾತು ಇನ್ನೂ ಚುಚ್ಚುವದು. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಲವೊದಿಕೀಯಕ್ಕಾದರೋ ನೀರು ದೂರದಿಂದ ಕಲ್ಲಿನ ಕೊಳವೆಗಳಲ್ಲಿ ಹರಿದು ಬರಬೇಕಾಗಿತ್ತು. ಅದು ಸಿರಿವಂತ ಪಟ್ಟಣ. ಕ್ರಿ.ಶ. 60ರ ಸುಮಾರಿಗೆ ಭೂಕಂಪದಿಂದ ಹಾಳಾದಾಗ ರೋಮಿನ ಸಹಾಯವಿಲ್ಲದೆ ತನ್ನ ಸ್ವಂತ ಹಣದಿಂದಲೇ ಎದ್ದು ನಿಂತಿತೆಂದು ಇತಿಹಾಸಕಾರನಾದ ಟ್ಯಾಸಿಟಸನು ಬರೆದಿಟ್ಟಿದ್ದಾನೆ. ತನಗೆ ಏನೂ ಕೊರತೆಯಿಲ್ಲವೆಂದು ಎಣಿಸಿಕೊಂಡ ಆ ಸಭೆಗೆ, ಬೆಂಕಿಯಲ್ಲಿ ಶುದ್ಧವಾದ ಚಿನ್ನವನ್ನು ತನ್ನಿಂದ ಕೊಂಡುಕೋ ಎಂದು ಕರ್ತನು ಬುದ್ಧಿ ಹೇಳುತ್ತಾನೆ.

ಚಿನ್ನದ ಮಾತು ಹಟ್ಟಿಯವರಿಗೆ ಬೇರೆಯವರು ಹೇಳಿಕೊಡಬೇಕಾದದ್ದಲ್ಲ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಜನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಬಿರಿಯಿಸಿ ಅಲ್ಲಿ ಆಳಕ್ಕೆ ಇಳಿದಿದ್ದರು. ಈಗಿನ ಕಂಪನಿಯು 1947ರಲ್ಲಿ ಹೈದರಾಬಾದ ಸಂಸ್ಥಾನದಲ್ಲಿ ಸ್ಥಾಪಿತವಾಗಿ 1956ರಲ್ಲಿ ಹಟ್ಟಿಯ ಹೆಸರನ್ನು ಪಡೆಯಿತು. ಅಲ್ಲಿ ದುಡಿದ ತಂದೆಯರ ಮಕ್ಕಳು ನಮ್ಮಲ್ಲಿ ಓದಿರುವರು. ಅವರಲ್ಲಿ ಒಬ್ಬಳ ಸಂಗತಿಯನ್ನು ಹೆಸರಿಲ್ಲದೆ ಹೇಳುತ್ತೇವೆ.

ಅವಳು ನರ್ಸ್ ಆಗಿರುವಳು. ತಂದೆಯು ಮೂವತ್ತು ವರ್ಷ ಗಣಿಯೊಳಗೆ ಇಳಿದು ದುಡಿದವನು. ನಿಶ್ಚಿತಾರ್ಥಕ್ಕೆ ಬಂದ ವರನ ತಂದೆಯು ಸಭೆಯ ಹಿರಿಯ. ಆತನು ಎದ್ದು ನಿಂತು ಕಣ್ಣು ಮುಚ್ಚಿ ದೀರ್ಘವಾದ ಪ್ರಾರ್ಥನೆ ಮಾಡಿದನು. ಎಲ್ಲರೂ ಆಮೆನ್ ಎಂದರು. ಬಳಿಕ ಆತನು ಕಿಸೆಯಿಂದ ಒಂದು ಪಟ್ಟಿಯನ್ನು ತೆಗೆದನು. ಹದಿನೈದು ತೊಲ ಬಂಗಾರ, ಮೋಟಾರು ಸೈಕಲ್ಲು, ಮದುವೆಯ ಖರ್ಚು. ಆಗ ಹುಡುಗಿಯು ಒಳಗಿನ ಕೋಣೆಯಿಂದ ಆಡಿದ ಮಾತನ್ನು ಅವಳು ನಮಗೆ ತಿಳಿಸಿದಂತೆಯೇ ಬರೆಯುತ್ತೇವೆ: "ಯಪ್ಪಾ, ಆ ಪಟ್ಟಿ ಪ್ರಾರ್ಥನಿಗಿಂತ ಮೊದ್ಲ ಓದಸಬೇಕಿತ್ತು. ದೇವ್ರೂ ಕೇಳ್ತಿದ್ದ."

ಸಂಬಂಧ ಮುರಿಯಿತು. ಬಂಧುಗಳು ಹುಡುಗಿಯ ನಾಲಗೆಯನ್ನು ನಿಂದಿಸಿದರು. ಪಟ್ಟಿಯನ್ನು ನಿಂದಿಸಿದವರು ಇಲ್ಲ.

ಲೆಕ್ಕ ಕಲಿಸುವವರಾದ್ದರಿಂದ ನಾವೊಂದು ಲೆಕ್ಕವನ್ನು ಮಾಡಿ ನೋಡಿದೆವು. ಹದಿನೈದು ತೊಲವೆಂದರೆ ಸುಮಾರು 175 ಗ್ರಾಂ. ಒಂದು ಟನ್ ಅದಿರಿಗೆ ಮೂರೂವರೆ ಗ್ರಾಂ ದೊರೆಯಿತೆಂದು ಹಿಡಿದರೆ, ಆ ಪಟ್ಟಿಯ ಮೊದಲನೆಯ ಸಾಲಿಗಾಗಿಯೇ 50 ಟನ್ ಕಲ್ಲನ್ನು ಒಡೆದು, ಮೇಲೆತ್ತಿ, ಅರೆದು ಹಿಟ್ಟು ಮಾಡಬೇಕು. ಅಂಥ ಕಲ್ಲನ್ನೇ ಆ ತಂದೆಯು ಆಯುಷ್ಯವೆಲ್ಲಾ ಒಡೆದವನು. ವರದಕ್ಷಿಣೆಯನ್ನು ಕೊಡುವದೂ ತಕ್ಕೊಳ್ಳುವದೂ ಅಪರಾಧವೆಂದು 1961ರಲ್ಲಿಯೇ ಕಾನೂನು ಆಯಿತು. ಅದನ್ನು ಪೊಲೀಸರು ನೋಡಿಕೊಳ್ಳಲಿ. ನಮಗೆ ಕಾಡುವದು ಬೇರೆ. ಆ ಕೋಣೆಯಲ್ಲಿ ದೇವರನ್ನು ನಂಬದವರು ಒಬ್ಬರೂ ಇರಲಿಲ್ಲ. ಆ ಪಟ್ಟಿಗೂ ದೇವರಿಗೂ ಏನಾದರೂ ಸಂಬಂಧವಿದೆಯೆಂದು ನೆನಸಿದವಳು ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳೇ. ಅರೆಮನಸ್ಸಿನ ನಂಬಿಕೆಯೆಂದರೆ ಇದೇ. ಅದು ದೇವರನ್ನು ಅಲ್ಲಗಳೆಯುವದಿಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂಡ್ರಿಸಿ, ಒಳಮನೆಗೆ ಬರಗೊಡಿಸುವದಿಲ್ಲ.

ಇದು ಲೋಕದ ರೂಢಿ, ಇದಕ್ಕೂ ಭಕ್ತಿಗೂ ಗಂಟು ಹಾಕಬಾರದೆಂದು ಕೆಲವು ಹಿರಿಯರು ನಮಗೆ ಹೇಳಿದ್ದುಂಟು. ಜಾತಿ ನೋಡಿ ಹೆಣ್ಣು ಕೊಡುವದೂ ರೂಢಿಯಂತೆ. ಹಾಗಾದರೆ ರೂಢಿಯು ಮುಟ್ಟದೆ ಬಿಟ್ಟ ಯಾವ ಕೆಲಸವು ಭಕ್ತಿಗೆ ಉಳಿಯಿತು? ನಮ್ಮ ಅನೇಕ ಕುಟುಂಬಗಳಲ್ಲಿ ದೀಕ್ಷಾಸ್ನಾನ ಪಡೆದ ಮೊದಲ ತಲೆಮಾರಿನವರು ಓದುಬರಹ ಅರಿಯದ ಕೂಲಿಗಳಾಗಿದ್ದರು. ರೂಢಿಯನ್ನು ಎದುರುಹಾಕಿಕೊಂಡೇ ಅವರು ಕ್ರೈಸ್ತರಾದರು. ಅವರು ಬೆಲೆ ತೆತ್ತು ಪಡೆದದ್ದು ನಮಗೆ ಹೊಲಮನೆಯಂತೆ ಪಿತ್ರಾರ್ಜಿತವಾಗಿ ಬಂದಿದೆ.

ಇನ್ನು ಹಟ್ಟಿಗೆ ದೂರವಲ್ಲದ ಮಸ್ಕಿಯ ಮಾತು. ಅಲ್ಲಿ 1915ರಲ್ಲಿ ಚಿನ್ನದ ಜಾಡನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವು ದೊರೆಯಿತು. ಅದುವರೆಗೆ ಸಿಕ್ಕಿದ ಶಾಸನಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರ ಇತ್ತು. ಅಶೋಕನೆಂಬ ಹೆಸರು ಈ ಕಲ್ಲಿನಿಂದ ಖಚಿತವಾಯಿತೆಂದು ಶಾಲೆಯ ಮಕ್ಕಳಿಗೂ ಗೊತ್ತು. ಶಾಸನದ ಒಳಗೆ ಏನಿದೆಯೆಂದು ಕೇಳಿದರೆ ಮಾತ್ರ ದೊಡ್ಡವರೂ ಸುಮ್ಮನಾಗುವರು. ಮಸ್ಕಿಯ ಕಲ್ಲು ಅಲ್ಲಲ್ಲಿ ಸವೆದಿದೆ. ಬ್ರಹ್ಮಗಿರಿಯ ಪ್ರತಿಯೊಡನೆ ಕೂಡಿಸಿ ಓದಿದಾಗ ಅರ್ಥವು ಸ್ಪಷ್ಟವಾಗುವದು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಅದರಲ್ಲಿ ಒಂದು ವರ್ಷ ಹೆಚ್ಚಿನ ಆಸಕ್ತಿಯಿಲ್ಲದೆ ಕಳೆದನೆಂದೂ, ಸಂಘದ ಸಮೀಪಕ್ಕೆ ಹೋದ ಮೇಲೆಯೇ ಶ್ರದ್ಧೆಯಿಂದ ದುಡಿಯತೊಡಗಿದನೆಂದೂ ಆ ಅರಸನು ತಿಳಿಸಿದ್ದಾನೆ. ಇಂಥದು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಸಣ್ಣವರಿಗೂ ಸಾಧ್ಯವೆಂದು ಸೇರಿಸಿದ್ದಾನೆ.

ಕ್ರೈಸ್ತ ಶಾಲೆಯ ಪುಸ್ತಕದಲ್ಲಿ ಬೌದ್ಧ ಅರಸನೇಕೆ ಎಂದು ಯಾರಾದರೂ ಕೇಳಬಹುದು. ತನ್ನ ಕಾಲದ ಭಕ್ತರನ್ನು ನಾಚಿಸುವದಕ್ಕೆ ಕರ್ತನು ನಿನೆವೆಯ ಜನರನ್ನು ಸಾಕ್ಷಿಗೆ ಕರೆದದ್ದನ್ನು ಅವರು ನೆನಸಲಿ. ಚಕ್ರವರ್ತಿಯು ತನ್ನ ಅಲಕ್ಷ್ಯದ ಕಾಲವನ್ನು ಲೆಕ್ಕ ಹಾಕಿ, ಹಾದಿಹೋಕರು ಓದುವಂತೆ ಬಂಡೆಯಲ್ಲಿ ಕೊರೆಯಿಸಿದನು. ನಮ್ಮ ಸಭೆಗಳ ವರದಿ ಪುಸ್ತಕಗಳಲ್ಲಿಯಾದರೋ ಪ್ರತಿ ವರುಷವೂ ಆತ್ಮಿಕ ಬೆಳವಣಿಗೆಯು ತೃಪ್ತಿಕರವಾಗಿರುವದು.

ಈ ವರ್ಷ ಹತ್ತನೆಯ ತರಗತಿಯ ಹುಡುಗಿಯರನ್ನು ಮಸ್ಕಿಗೆ ಕರೆದೊಯ್ಯುವೆವು. ಶಾಸನದ ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ ಅಲ್ಲಿಯೇ ಓದಿಸುವ ವಿಚಾರವಿದೆ. ಬುತ್ತಿಯನ್ನು ಮನೆಯಿಂದಲೇ ತರತಕ್ಕದ್ದು. ತಂದೆಗಳು ಯಾರಾದರೂ, ವಿಶೇಷವಾಗಿ ಮದುವೆಗೆ ಬಂದ ಗಂಡುಮಕ್ಕಳುಳ್ಳವರು, ಜೊತೆಗೆ ಬರಲಿಚ್ಛಿಸಿದರೆ ತಮ್ಮ ಹೆಸರನ್ನು ಶಾಲೆಯ ಕಚೇರಿಯಲ್ಲಿ ಮುಂಚಿತವಾಗಿ ಬರೆಯಿಸಬೇಕಾಗಿ ಕೋರುತ್ತೇವೆ.