ಸುವಾರ್ತೆಯನ್ನು ಬಿಟ್ಟು ಕಿಟ್ಟೆಲ್ಲರನ್ನು ಹೊಗಳುವವರು

ಕಿಟ್ಟೆಲ್ಲರ ಕುರಿತ ಭಾಷಣಗಳಿಗೆ ನಮ್ಮಲ್ಲಿ ಒಂದು ಸಿದ್ಧ ಅಚ್ಚಿದೆ. 1832ರಲ್ಲಿ ಜರ್ಮನಿಯಲ್ಲಿ ಜನನ, 1853ರಲ್ಲಿ ಭಾರತಕ್ಕೆ ಆಗಮನ, 1894ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು. ಅನಂತರ ಕಡ್ಡಾಯವಾಗಿ ಬರುವ ಮಾತೊಂದಿದೆ: ಮತಪ್ರಚಾರಕ್ಕೆಂದು ಬಂದ ಮಹನೀಯರು ಆ ಕೆಲಸವನ್ನು ಮರೆತು ಕನ್ನಡಕ್ಕೆ ಮನಸೋತರಂತೆ. ಸಭೆ ಚಪ್ಪಾಳೆ ತಟ್ಟುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ಗುಂಪು, ನಿಘಂಟೂ ವ್ಯಾಕರಣವೂ ಮತಾಂತರದ ಬಲೆಯ ನೂಲುಗಳೇ ಹೊರತು ಬೇರೇನಲ್ಲವೆಂದು ಗುಡುಗುತ್ತದೆ. ಇವರಿಬ್ಬರೂ ಪರಸ್ಪರ ವಿರೋಧಿಗಳಂತೆ ಕಂಡರೂ ಒಂದು ವಿಷಯದಲ್ಲಿ ಏಕಮತದವರು. ತಾನು ಸತ್ಯವೆಂದು ನಂಬಿದ್ದನ್ನು ಅನ್ಯರಿಗೆ ಸಾರಿ ಕರೆಯುವುದು ನಾಚಿಕೆಗೇಡಿನ ಕೆಲಸವೆಂಬುದು ಇಬ್ಬರ ನಂಬಿಕೆ. ಒಬ್ಬರು ಆ ನಾಚಿಕೆಯನ್ನು ಮುಚ್ಚುತ್ತಾರೆ, ಇನ್ನೊಬ್ಬರು ಬಯಲಿಗೆಳೆಯುತ್ತಾರೆ. ನನ್ನ ಆಕ್ಷೇಪವಿರುವುದು ಆ ನಂಬಿಕೆಯ ಮೇಲೆಯೇ.

ಕಿಟ್ಟೆಲ್ಲರು ಏನನ್ನೂ ಮರೆಯಲಿಲ್ಲ. ನಿಘಂಟನ್ನು ಹೊರತಂದ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯ ಹೆಸರಿನಲ್ಲೇ ಪುಸ್ತಕದ ಜೊತೆಗೆ ಧರ್ಮಪ್ರಚಾರದ ಕರಪತ್ರವೂ ಸೇರಿತ್ತು. 1862ರ ‘ಕಥಾಮಾಲೆ’ಯಲ್ಲಿ ಅವರು ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿಗೆ ಇಳಿಸಿದರು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ ಕೈಯೇ ಆ ಕಾಲದಲ್ಲಿ ವೈದಿಕ ಯಜ್ಞವನ್ನು ಕ್ರೈಸ್ತ ದೃಷ್ಟಿಯಿಂದ ವಿಮರ್ಶಿಸುವ ‘ಯಜ್ಞಸುಧಾನಿಧಿ’ಯನ್ನೂ ಬರೆಯಿತು. ಮಿಷನ್ನಿನ ಮೇಲಧಿಕಾರಿಗಳೊಂದಿಗೆ ಅವರಿಗೆ ಸದಾ ಹೊಂದಿಕೆಯಿರಲಿಲ್ಲವೆಂಬುದು ನಿಜ. ಆದರೆ ಆ ಜಗಳ ಹೇಗೆ ಕರೆಯಬೇಕೆಂಬುದರ ಕುರಿತಾದದ್ದೇ ಹೊರತು ಕರೆಯಬೇಕೇ ಎಂಬುದರ ಕುರಿತಾದದ್ದಲ್ಲ. ಭಕ್ತಿಯನ್ನು ತೆಗೆದುಹಾಕಿ ಪಾಂಡಿತ್ಯವನ್ನಷ್ಟೇ ಉಳಿಸಿಕೊಂಡರೆ ಉಳಿಯುವುದು ಕಿಟ್ಟೆಲ್ಲರಲ್ಲ, ನಮ್ಮ ಅನುಕೂಲಕ್ಕೆ ನಾವು ಕಡೆದುಕೊಂಡ ಪ್ರತಿಮೆ.

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಪುನರುತ್ಥಾನ ಹೊಂದಿದ ಯೇಸು ಶಿಷ್ಯರನ್ನು ಸಕಲ ಜನಾಂಗಗಳ ಬಳಿಗೆ ಕಳುಹಿಸುತ್ತಾನೆ. ಈ ಆಜ್ಞೆ ಮೊದಲ ಶಿಷ್ಯರೊಂದಿಗೇ ಮುಗಿಯಿತೆಂದು ವಾದಿಸುವ ಕ್ರೈಸ್ತರೂ ಇದ್ದರು. 1792ರಲ್ಲಿ ವಿಲಿಯಂ ಕೇರಿ ತನ್ನ ಪುಸ್ತಿಕೆಯನ್ನು ಬರೆದದ್ದೇ ಅವರಿಗೆ ಉತ್ತರವಾಗಿ. ಅಲ್ಲಿಂದಾಚೆ ಸೆರಾಂಪುರ, ಬಳ್ಳಾರಿ, ಮಂಗಳೂರು. ಗ್ರೀಕ್ ಮೂಲದ ‘ಎತ್ನೆ’ ಎಂಬ ಪದ ಜನಸಮುದಾಯಗಳನ್ನು ಹೇಳುತ್ತದೆ, ರಾಜ್ಯಗಳನ್ನಲ್ಲ. ಜನಸಮುದಾಯದ ಬಳಿಗೆ ಹೋಗಬೇಕಾದರೆ ಅದರ ಮಾತನ್ನು ಕಲಿಯಬೇಕು. ಹೀಗಾಗಿ ವ್ಯಾಕರಣವೆಂಬುದು ಸುವಾರ್ತೆಯಿಂದ ತಪ್ಪಿಸಿಕೊಂಡು ಹೋದ ದಾರಿಯಲ್ಲ. ಸುವಾರ್ತೆಯೇ ಬೇಡಿದ ದುಡಿಮೆ. ಆ ದುಡಿಮೆಗೆ ಬೇಕಾದ ಸಾಮಗ್ರಿಯನ್ನು ಆರು ಶತಮಾನ ಮೊದಲೇ ಸಿದ್ಧಪಡಿಸಿಟ್ಟವನು ಒಬ್ಬ ಜೈನ ವೈಯಾಕರಣ ಎಂಬುದನ್ನು ಇಲ್ಲಿ ನೆನೆಯುವುದರಲ್ಲಿ ನನಗೆ ಸಂತೋಷವಿದೆ.

ಆದರೆ ಆ ಸಂತೋಷ ನಮ್ಮವರಲ್ಲಿ ಬಹುಬೇಗ ಇನ್ನೊಂದು ಮಾತಿಗೆ ತಿರುಗುತ್ತದೆ: ನಾವು ಯಾರನ್ನೂ ಕರೆದವರಲ್ಲ, ನಮ್ಮದು ಅನೇಕಾಂತ. ಈ ಮಾತು ಚರಿತ್ರೆಗೆ ಒಪ್ಪುವುದಿಲ್ಲ. ಪಂಪನ ಪೂರ್ವಜರು ಯಜ್ಞಮಾಡಿದ ವೈದಿಕರು. ತಂದೆ ಅಭಿರಾಮದೇವರಾಯ ಜಿನಧರ್ಮವನ್ನು ಸ್ವೀಕರಿಸಿದವನು. 941ರ ‘ಆದಿಪುರಾಣ’ ನಮಗೆ ದೊರೆತದ್ದು ಒಂದು ಮತಾಂತರದ ಫಲವಾಗಿ. ನಯಸೇನ 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸುವಾಗ ಕನ್ನಡಕ್ಕೆ ಸಂಸ್ಕೃತವನ್ನು ಬೆರೆಸುವುದನ್ನು ಗೇಲಿಮಾಡಿ ತಿಳಿಗನ್ನಡವನ್ನು ಆರಿಸಿಕೊಂಡದ್ದು ಯಾರಿಗಾಗಿ? ಶ್ರಾವಕರಿಗೆ ಮಾತ್ರವೇ? ಬ್ರಹ್ಮಶಿವನ ‘ಸಮಯಪರೀಕ್ಷೆ’ ಅನ್ಯಮತಗಳ ಮೇಲೆ ಮಾಡಿದ ಪ್ರಹಾರವನ್ನು ಇಂದು ಯಾರಾದರೂ ಬೀದಿಯಲ್ಲಿ ನಿಂತು ಓದಿದರೆ ಪೊಲೀಸರು ಬರುತ್ತಾರೆ. ಸಮಂತಭದ್ರನ ‘ಆಪ್ತಮೀಮಾಂಸೆ’ ಯಾರ ವಚನ ಪ್ರಮಾಣವೆಂದು ಕೇಳಿ, ಒಂದೊಂದೇ ಏಕಾಂತವಾದವನ್ನು ಕೆಡವುತ್ತ ಹೋಗುತ್ತದೆ. ಅನೇಕಾಂತವೆಂದರೆ ಎಲ್ಲ ಮತಗಳೂ ಒಂದೇ ಎಂಬ ಸಭಾಮರ್ಯಾದೆಯೆಂದು ಆ ಆಚಾರ್ಯರು ತಿಳಿದಿರಲಿಲ್ಲ.

ಸಮವಸರಣದ ವರ್ಣನೆಯನ್ನೇ ನೋಡಿ. ದೇವರು, ಮನುಷ್ಯರು, ಪಶುಗಳು ಒಂದೇ ದಿವ್ಯಧ್ವನಿಯನ್ನು ತಂತಮ್ಮ ಭಾಷೆಯಲ್ಲಿ ಕೇಳುತ್ತಾರೆ. ಯೆರೂಸಲೇಮಿನಲ್ಲಿ ನೆರೆದಿದ್ದ ನಾನಾ ದೇಶದವರು ಅಪೊಸ್ತಲರ ಮಾತನ್ನು ತಂತಮ್ಮ ನುಡಿಯಲ್ಲೇ ಕೇಳಿದರೆಂಬ ಪೆಂಟೆಕೋಸ್ಟಿನ ಪ್ರಸಂಗವನ್ನು ಬಲ್ಲವರಿಗೆ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಭೇದವಿರುವುದು ಬೇರೆ ಕಡೆ. ಕ್ರೈಸ್ತನಿಗೆ ಜನ್ಮವೊಂದೇ, ಕೇಳದೆ ಸತ್ತವನ ಗತಿಯೇನೆಂಬ ಚಿಂತೆ ಅವನನ್ನು ಹಡಗು ಹತ್ತಿಸುತ್ತದೆ. ನಮಗೆ ಕಾಲ ಅನಂತ, ಜನ್ಮಗಳು ಅಸಂಖ್ಯ. ಭವ್ಯಜೀವಿ ಎಂದಾದರೂ ಎಚ್ಚತ್ತಾನು. ಮೇಲಾಗಿ ಜಿನನು ದಾರಿ ತೋರುವವನೇ ಹೊರತು ಎತ್ತಿ ದಾಟಿಸುವವನಲ್ಲ. ಅನ್ಯನೊಬ್ಬನ ಬಲಿಯಿಂದ ನನ್ನ ಕರ್ಮ ಸವೆಯುತ್ತದೆಂಬುದನ್ನು ನಾನು ಒಪ್ಪಲಾರೆ. ಈ ಭಿನ್ನಾಭಿಪ್ರಾಯ ಆಳವಾದದ್ದು, ಅದನ್ನು ಎದುರೆದುರಾಗಿಯೇ ಹೇಳಬೇಕು. ಆದರೆ ಅದು ಕರೆಯೊಳಗಿನ ಮಾತಿನ ವಿರುದ್ಧದ ವಾದ. ಕರೆಯುವ ಹಕ್ಕಿನ ವಿರುದ್ಧ ಅದನ್ನು ಬಳಸುವಂತಿಲ್ಲ.

ಹಾಗಾದರೆ ಮಿಷನರಿಗಳ ಮೇಲೆ ಹೊರಿಸಬೇಕಾದ ಆರೋಪವೇ ಇಲ್ಲವೆ? ಇದೆ. ಕರೆ ಯಾರ ಹೆಗಲ ಮೇಲೆ ಕುಳಿತು ಬಂತು ಎಂದು ಕೇಳಬೇಕು. 1813ರ ಸನ್ನದು ಮಿಷನರಿಗಳಿಗೆ ಬಾಗಿಲು ತೆರೆಯಿತು, 1833ರದು ಬ್ರಿಟಿಷರಲ್ಲದವರಿಗೂ ತೆರೆಯಿತು. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲಿನಿಂದ ಬಂದಿಳಿದರು. ಅದೇ 1834ರಲ್ಲಿ ಕಂಪೆನಿ ಕೊಡಗನ್ನು ನುಂಗಿತು. ಪದಚ್ಯುತ ಚಿಕ್ಕವೀರರಾಜನ ಮಗಳು, ಇನ್ನೂ ಬಾಲಕಿಯಾಗಿದ್ದ ಗೌರಮ್ಮ, 1852ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದಳು. ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ಆ ಹುಡುಗಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯ ಎಷ್ಟಿತ್ತು? ಅಲ್ಲಿ ಸುವಾರ್ತೆ ಸಾಮ್ರಾಜ್ಯದ ಆಭರಣವಾಯಿತು, ಅದನ್ನು ಖಂಡಿಸಲು ನನಗೆ ಅಳುಕಿಲ್ಲ.

ಅದಕ್ಕೆ ಎಂಟು ವರ್ಷ ಮೊದಲು, 1844ರಲ್ಲಿ, ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಮೋಗ್ಲಿಂಗರ ಬಳಿ ಕ್ರೈಸ್ತನಾದ. ಊರು ಕೆರಳಿತು. ಅವನು ಜಾತಿಯನ್ನು ಕಳೆದುಕೊಂಡ, ಬಾಸೆಲಿಗೆ ಹೋಗಿ ಓದಿದ, ಪಾದ್ರಿಯಾಗಿ ಮರಳಿದ. ಬೆಲೆ ತೆತ್ತು ಆರಿಸಿಕೊಂಡ ಈ ಮನುಷ್ಯನನ್ನೂ ಗೌರಮ್ಮನನ್ನೂ ಒಂದೇ ‘ಮತಾಂತರ’ವೆಂಬ ಶಬ್ದದಲ್ಲಿ ತುರುಕುವುದು ಯಾವ ನ್ಯಾಯ? ಇನ್ನು ಕೊಡಗಿನ ಆನಂದಪುರ. ಮೋಗ್ಲಿಂಗರು ಅದನ್ನು ನೆಲೆಗೊಳಿಸಿದ್ದು ದಲಿತ ಜೀತದಾಳುಗಳಿಗಾಗಿ. ದಕ್ಷಿಣ ಕನ್ನಡದಲ್ಲಿ ಬಾಸೆಲ್ ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು. ಅನ್ನದಾಸೆಗೆ ಹೋದರೆಂದು ಹೇಳುವುದು ಸುಲಭ. ಬಂಗರು, ಚೌಟರು, ಅಜಿಲರು ಎಂಬ ಜೈನ ಅರಸುಮನೆತನಗಳು ಶತಮಾನಗಳ ಕಾಲ ಆಳಿದ ನಾಡು ಅದು. ಸಮವಸರಣದ ಚಿತ್ರದಲ್ಲಿ ಹುಲಿಗೂ ಹಸುವಿಗೂ ಪಕ್ಕಪಕ್ಕದಲ್ಲಿ ಜಾಗ ಕೊಟ್ಟ ನಾವು ಆ ಜನರನ್ನು ಬಸದಿಯ ಅಂಗಳಕ್ಕೆ ಎಂದು ಕರೆದಿದ್ದೆವು? ಕರೆಯದೆ ಉಳಿದದ್ದನ್ನು ಸಹಿಷ್ಣುತೆಯೆಂದು ಹೆಸರಿಸಿಕೊಳ್ಳುವವರು ಈ ಪ್ರಶ್ನೆಗೆ ಮೊದಲು ಉತ್ತರಿಸಲಿ.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೇ ಪ್ರಚಾರದ ಹಕ್ಕನ್ನೂ ಇಟ್ಟಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆ ತೀರ್ಪಿನ ಬೆಳಕಿನಲ್ಲಿ ಅಭಿರಾಮದೇವರಾಯನನ್ನು ಕರೆದ ಮುನಿಗಳು ಎಲ್ಲಿ ನಿಲ್ಲುತ್ತಾರೆಂದು ನಮ್ಮ ಸಮಾಜದ ಕಾನೂನು ಪಂಡಿತರು ಯೋಚಿಸಿದಂತಿಲ್ಲ. ಮುಂದಿನ ಬಾರಿ ಕಿಟ್ಟೆಲ್ಲರ ಹೆಸರಿನಲ್ಲಿ ಸಭೆ ಸೇರಿಸುವವರು ನಿಘಂಟಿನ ಜೊತೆಗೆ ‘ಯಜ್ಞಸುಧಾನಿಧಿ’ಯನ್ನೂ, ಅದರ ಪಕ್ಕದಲ್ಲಿ ‘ಸಮಯಪರೀಕ್ಷೆ’ಯನ್ನೂ ಮೇಜಿನ ಮೇಲಿಟ್ಟು, ಎರಡನ್ನೂ ಓದಿದ ಒಬ್ಬ ಕ್ರೈಸ್ತನನ್ನೂ ಒಬ್ಬ ಜೈನನನ್ನೂ ಮಾತಿಗೆ ಕರೆಯಲಿ.