ಈಡನ್ನಿನ ಪಂದ್ಯವೂ ಕ್ಯಾಂಪಿನ ನಿಷ್ಠೆಯೂ

2025ರ ಮಾರ್ಚ್ 22ರ ಶನಿವಾರದಂದು, ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ ಮತ್ತು ನಮ್ಮ ಆರ್‌ಸಿಬಿಗಳ ಸಮಾಗಮದಿಂದ ಆ ವರ್ಷದ ಐಪಿಎಲ್ ಪ್ರಾರಂಭವಾಗತಕ್ಕದ್ದಾಗಿದ್ದು, ಆ ನಿಮಿತ್ತ ಅದೇ ವಾರ ಸಿಂಧನೂರಿನ ಮದುವೆಮನೆಯೊಂದರ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಬೆಂಗಳೂರಿನ ಮಹನೀಯರೊಬ್ಬರು, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಲೇ, ‘ನಿಮ್ಮ ಆರ್.ಎಚ್. ಕ್ಯಾಂಪಿನ ಬಂಗಾಳಿಗಳೆಲ್ಲ ಅಂದು ಕೋಲ್ಕತ್ತದ ಪಕ್ಷವಲ್ಲವೆ?’ ಎಂದು ಕೇಳಿದರು. ಕೇಳಿದುದಕ್ಕಿಂತಲೂ, ಉತ್ತರವು ತಮಗೆ ತಿಳಿದೇ ಇದೆಯೆಂಬಂತೆ ಅವರು ನಕ್ಕ ನಗೆಯು ನನ್ನ ಊಟವನ್ನು ಕೆಡಿಸಿತು.

ತಂಡದ ಬಲಾಬಲವನ್ನು ಮೊದಲು ವಿಚಾರಿಸುವೆನು. ಹದಿನೇಳು ವರ್ಷ, ಮೂರು ಅಂತಿಮ ಪಂದ್ಯ, ಮೂರರಲ್ಲಿಯೂ ಪರಾಜಯ, ಮಹಿಳೆಯರು ತಮ್ಮ ಎರಡನೆಯ ಋತುವಿನಲ್ಲಿಯೇ ಗೆದ್ದು ತಂದ ಕಪ್ಪನ್ನು ಪುರುಷರು ಆಗಿನ್ನೂ ದೂರದಿಂದಲೇ ದರ್ಶನ ಮಾಡುತ್ತಿದ್ದರು. 2025ರಲ್ಲಿ ಹೇಜಲ್‌ವುಡ್, ಭುವನೇಶ್ವರರು ಬಂದುದರಿಂದ ಬೌಲಿಂಗಿಗೆ ಮಾನ ಬಂದಿತೆಂಬುದನ್ನು ಒಪ್ಪುತ್ತೇನೆ. ಸಿರಾಜನನ್ನು ಗುಜರಾತಿಗೆ ಬಿಟ್ಟುಕೊಟ್ಟುದನ್ನು ಮಾತ್ರ ಒಪ್ಪಲಾರೆನು. ಚಿನ್ನಸ್ವಾಮಿಯ ಕಿರಿದಾದ ಅಂಗಳದಲ್ಲಿ ಸ್ಪಿನ್ ಹಾಕಬೇಕಾಗಿದ್ದವರು ಕೃಣಾಲ್ ಪಾಂಡ್ಯ ಮತ್ತು ಸುಯಶ್ ಶರ್ಮರು. ಮೊದಲ ನಾಲ್ವರಲ್ಲಿ ನಿಲ್ಲುವೆವು, ಮುಂದಿನದು ದೈವಾಧೀನ ಎಂಬುದೇ ಆಗ ನನ್ನ ಅಂದಾಜಾಗಿತ್ತು. ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. 2024ರಲ್ಲಿ ಕೋಲ್ಕತ್ತದ ಆರಂಭಿಕನಾಗಿ ದುಡಿದ ಫಿಲ್ ಸಾಲ್ಟ್ ಹನ್ನೊಂದೂವರೆ ಕೋಟಿಗೆ ನಮ್ಮವನಾದನು. ಸುಯಶನೂ ಅಲ್ಲಿಂದಲೇ ಬಂದವನು. ಇವರ ಹೃದಯವು ಯಾರ ಕಡೆಗಿದೆಯೆಂದು ಯಾವ ಪಂಕ್ತಿಯಲ್ಲಿಯೂ ಯಾರೂ ಕೇಳಿದ್ದನ್ನು ನಾನರಿಯೆ.

ತಂಡದಲ್ಲಿ ಕರ್ನಾಟಕದವರು ವಿರಳರೆಂಬ ನನ್ನ ಹಳೆಯ ತಕರಾರನ್ನು ಓದುಗರು ಬಲ್ಲರು. ಆದರೂ ಮತ್ತೊಮ್ಮೆ ಹೇಳದೆ ಬಿಡಲಾರೆನು. 2009ರಲ್ಲಿ, ಜೊಹಾನೆಸ್‌ಬರ್ಗಿನಲ್ಲಿ, ಆರೇ ಆರು ರನ್ನುಗಳಿಂದ ಸೋತೆವಷ್ಟೆ. ಆದರೆ ಅಂದು ನಾಯಕನಾಗಿದ್ದ ಕುಂಬ್ಳೆಯು ಹದಿನಾರು ರನ್ನಿಗೆ ನಾಲ್ಕು ವಿಕೆಟ್ ಕಿತ್ತು, ಸೋಲಿಗೂ ಒಂದು ಘನತೆಯನ್ನು ತಂದುಕೊಟ್ಟಿದ್ದನು, ಮತ್ತು ಐಪಿಎಲ್‌ನಲ್ಲಿ ಶತಕ ಬಾರಿಸಿದ ಪ್ರಥಮ ಭಾರತೀಯನೆಂಬ ಕೀರ್ತಿಯನ್ನು ಆ ವರ್ಷವೇ ಪಡೆದ ಮನೀಶ್ ಪಾಂಡೆಯೂ ನಮ್ಮ ರಣಜಿ ತಂಡದ ಹುಡುಗನೇ ಆಗಿದ್ದನು. 2025ರ ಋತುವಿನ ಆರಂಭದ ಇಪ್ಪತ್ತೆರಡು ಮಂದಿಯಲ್ಲಿ ಕರ್ನಾಟಕಕ್ಕೆ ಆಡುವವರು ಇಬ್ಬರಿದ್ದರು: ಪಡಿಕ್ಕಲ್ ಮತ್ತು ಮನೋಜ್ ಭಾಂಡಗೆ. ರಾಹುಲನು ಹದಿನಾಲ್ಕು ಕೋಟಿಗೆ ದೆಹಲಿಗೂ, ಪ್ರಸಿದ್ಧ ಕೃಷ್ಣನು ಒಂಬತ್ತೂವರೆ ಕೋಟಿಗೆ ಗುಜರಾತಿಗೂ ಹೋದರು. ಇನ್ನು ಭಾಂಡಗೆಯು ರಾಯಚೂರಿನವನು, ನಮ್ಮ ಜಿಲ್ಲೆಯವನು. ಅವನ ಬೆಲೆ ಮೂವತ್ತು ಲಕ್ಷವಾಗಿತ್ತು, ಮತ್ತು ಅದಕ್ಕೆ ಹಿಂದಿನ ಎರಡು ಋತುಗಳಲ್ಲಿ ತಂಡದೊಳಗಿದ್ದೂ ಒಂದು ಪಂದ್ಯವನ್ನೂ ಆಡದೆ ನೀರಿನ ಬಾಟಲಿ ಹೊತ್ತವನು. ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಭಾಗದವರಾದ ನಮಗೆ ಇದು ಹೊಸತಲ್ಲ. ಮೇಲಿನವರು ತೂಬೆತ್ತಿ ಕುಡಿದು ಉಳಿದ ಮೇಲಷ್ಟೆ ಕೆಳಗಿನವರ ಗದ್ದೆ ಒದ್ದೆಯಾಗುವುದು.

ಕ್ಯಾಂಪಿನ ಮಾತಿಗೆ ಬರೋಣ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವು ಸಿಂಧನೂರು ತಾಲ್ಲೂಕಿನ ಈ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿ ಅರ್ಧ ಶತಮಾನವು ಕಳೆದಿದೆ. ಅವರು ದುರ್ಗಾಪೂಜೆಯನ್ನು ಬಿಟ್ಟಿಲ್ಲ, ಮೀನನ್ನು ಬಿಟ್ಟಿಲ್ಲ, ಮನೆಯಲ್ಲಿ ಬಂಗಾಳಿಯನ್ನು ಬಿಟ್ಟಿಲ್ಲ. ಆದರೆ ಅವರ ಮಕ್ಕಳು ಜಗಳವಾಡುವುದು ನಮ್ಮ ಸೀಮೆಯ ಕನ್ನಡದಲ್ಲಿ. ಅಲ್ಲಿಯ ಚಹಾದಂಗಡಿಯೊಂದರಲ್ಲಿ, ಬೆನ್ನಿನ ಮೇಲೆ ಹದಿನೆಂಟೆಂದು ಬರೆದಿದ್ದ ಕೆಂಪಂಗಿಯ ಹುಡುಗನೊಬ್ಬನನ್ನು ಕಂಡು, 2017ರ ಏಪ್ರಿಲ್‌ನಲ್ಲಿ ಇದೇ ಈಡನ್ನಿನಲ್ಲಿ ಇದೇ ಕೋಲ್ಕತ್ತದ ಎದುರು ನಾವು 49ಕ್ಕೆ ಕುಸಿದುದನ್ನು ಕೀಟಲೆಗಾಗಿ ನಾನು ಪ್ರಸ್ತಾಪಿಸಿದೆನು. ಅವನು ಲೋಟವನ್ನು ಕುಕ್ಕಿ, ‘ಅದೊಂದು ನೆಪ್ಪ ಮಾಡಬ್ಯಾಡ್ರಿ ಸರ, ಆವತ್ತ್ ರಾತ್ರಿ ನಮ್ಮನ್ಯಾಗ ಯಾರೂ ಉಂಡಿಲ್ಲ’ ಎಂದನು. ಒಲೆಯ ಬಳಿ ಕುಳಿತಿದ್ದ ಅವನ ಅಜ್ಜ, ಗಡಿ ದಾಟಿದಾಗ ತಾನೂ ಹುಡುಗನಾಗಿದ್ದವನು, ಬಂಗಾಳಿಯಲ್ಲಿ ಏನನ್ನೋ ಗೊಣಗಿದನು. ಮೊಮ್ಮಗನು ಅದನ್ನು ನನಗೆ ತಿಳಿಸಲೊಪ್ಪಲಿಲ್ಲ. ಬೌಲರುಗಳ ಕುಲವನ್ನು ಕುರಿತದ್ದಿರಬೇಕು.

ಪೌರತ್ವದ ತಿದ್ದುಪಡಿ ಕಾಯಿದೆ 2019ರಲ್ಲಿ ಆಯಿತು, ಅದರ ನಿಯಮಗಳು 2024ರ ಮಾರ್ಚ್‌ನಲ್ಲಿ ಹೊರಬಿದ್ದುವು. ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ, ಕಾಗದವೆಲ್ಲಿ ಎಂಬ ಪ್ರಶ್ನೆಗಳನ್ನು ಹೊತ್ತು ಕಚೇರಿಯಿಂದ ಕಚೇರಿಗೆ ಅಲೆದ ಜನಕ್ಕೆ, ಕ್ರಿಕೆಟ್ಟಿನಲ್ಲಿಯೂ ನಿಷ್ಠೆಯ ದಾಖಲೆ ಹಾಜರುಪಡಿಸಿರೆಂದರೆ ಹೇಗೆ? ಅಂತಹ ದಾಖಲೆಯಿಲ್ಲದೆಯೇ ಇಂದೋರಿನ ರಜತ್ ಪಾಟೀದಾರರು 2025ರಲ್ಲಿ ನಮ್ಮ ನಾಯಕರಾದರು, ಸಂತೋಷ. ‘ಈ ಸಲ ಕಪ್ ನಮ್ದೇ’ ಎಂಬ ನಾಲ್ಕೇ ಪದಗಳ ನಮ್ಮ ಘೋಷಣೆಯನ್ನು ಕನ್ನಡದಲ್ಲಿ ಹೇಳಹೋಗಿ ಹಿಂದಿನ ನಾಯಕ ಡುಪ್ಲೆಸಿಯವರು ಎಡವಿದುದನ್ನು ನಾಡೆಲ್ಲ ಕೇಳಿ ನಕ್ಕಿದೆ. ಹೊಸಬರಿಗೂ ಅಂತಹ ತೊಡಕುಂಟಾದಲ್ಲಿ ಫ್ರಾಂಚೈಸಿಯವರು ಸಂಕೋಚಪಡಬೇಕಾಗಿಲ್ಲ; ಆರ್.ಎಚ್. ಕ್ಯಾಂಪಿನ ನಾಲ್ಕನೆಯ ಇಯತ್ತೆಯ ಯಾವ ಬಂಗಾಳಿ ಹುಡುಗನನ್ನಾದರೂ ಕಳುಹಿಸಿಕೊಡುತ್ತೇವೆ, ಬಸ್ಸಿನ ಖರ್ಚು ಕೊಟ್ಟರೆ ಸಾಕು.