ಮೋಟಾರಿಲ್ಲದವನಿಗೆ ಬೆಟ್ಟವೂ ಇಲ್ಲವೇ?

“ಗುಡ್ಡಬೆಟ್ಟ ಹತ್ತುವುದು ಮೋಟಾರು ಇದ್ದವರ ಶೋಕಿ. ದಿನವಿಡೀ ನಿಂತು ದುಡಿಯುವ ಹೋಟೆಲಿನವನಿಗೆ ಅದೇಕೆ? ರಜೆ ಸಿಕ್ಕರೆ ಮಲಗಲಿ, ಇಲ್ಲವೇ ಸಿನಿಮಾ ನೋಡಲಿ.” ಧಣಿಗಳ ಬಾಯಿಂದ ಈ ಮಾತು ಬಂದರೆ ಆಶ್ಚರ್ಯವಿಲ್ಲ. ನಮ್ಮವರೇ ಸಂಘದ ಬೆಂಚಿನ ಮೇಲೆ ಕುಳಿತು ಇದನ್ನು ಗಿಳಿಪಾಠದಂತೆ ಒಪ್ಪಿಸುವುದು ಮಾತ್ರ ಸಹಿಸತಕ್ಕ ಸಂಗತಿಯಲ್ಲ. ಬಡವನಿಗೆ ಬಾರದೆಂದು ಬೇರೆಯವರು ಹೇಳಿದ್ದನ್ನೆಲ್ಲ ಬಡವನೇ ನಂಬಿಬಿಟ್ಟರೆ ಅವನಿಗೆ ಉಳಿಯುವುದೇನು?

ಈ ವಾದದ ಬುಡವನ್ನೇ ನೋಡೋಣ. ಮುಂಬಯಿಯ ಸುತ್ತಲಿನ ಸಹ್ಯಾದ್ರಿಯನ್ನು ಮುಟ್ಟಲು ಮೋಟಾರು ಬೇಕೇ ಬೇಕೆಂಬುದು ಶುದ್ಧ ಸುಳ್ಳು. ಭೋರ್ ಘಾಟನ್ನು ರೈಲು ಹತ್ತಿದ್ದು 1863ರಲ್ಲಿ, ಥಳ ಘಾಟನ್ನು ಹತ್ತಿದ್ದು 1865ರಲ್ಲಿ. ಆಗ ಈ ದೇಶದಲ್ಲಿ ಮೋಟಾರೆಂಬುದೇ ಇರಲಿಲ್ಲ. ಆ ಘಾಟುಗಳ ಬಂಡೆ ಒಡೆದವರು, ಸುರಂಗ ಕೊರೆದವರು, ಜ್ವರದಲ್ಲಿ ಸತ್ತವರು ಕೂಲಿಗಳು. ಕೂಲಿ ತೆರೆದ ದಾರಿ ಕೂಲಿಯ ಮಕ್ಕಳಿಗೆ ಮುಚ್ಚಿದೆಯೆಂದು ಹೇಳುವವರು ಯಾರು? ಇಂದೂ ಲೋಕಲ್ ಗಾಡಿ ಒಂದು ಕಡೆ ಕರ್ಜತ್, ಖೋಪೋಲಿಯವರೆಗೆ, ಇನ್ನೊಂದು ಕಡೆ ಕಸಾರಾದವರೆಗೆ ಹೋಗುತ್ತದೆ. ಬೋರಿಬಂದರದಿಂದ ಕಸಾರಾ ಸುಮಾರು 120 ಕಿಲೋಮೀಟರು. ಬೆಳಗಿನ ಹೊತ್ತು ಊರಿನ ಜನವೆಲ್ಲ ಬೋರಿಬಂದರದ ಕಡೆಗೆ ನುಗ್ಗುವಾಗ ಎದುರು ದಿಕ್ಕಿಗೆ ಹೋಗುವ ಗಾಡಿಯಲ್ಲಿ ಕಾಲು ಚಾಚಿ ಕುಳಿತು ಹೋಗಬಹುದು.

ಮಾಥೇರಾನಿನ ನ್ಯಾಯವಂತೂ ಸ್ವಾರಸ್ಯವಾಗಿದೆ. ನೇರಳ್‌ನಿಂದ ಮೇಲಕ್ಕೆ 1907ರಲ್ಲಿ ಪುಟ್ಟ ರೈಲು ಬಂತು. ಖಾಸಗಿ ಮೋಟಾರು ಎಷ್ಟು ಲಕ್ಷದ್ದೇ ಇರಲಿ, ದಸ್ತೂರಿ ನಾಕೆಯಲ್ಲಿ ನಿಲ್ಲಲೇಬೇಕು. ಅಲ್ಲಿಂದ ಮುಂದೆ ಸೇಠಜಿಯೂ ತನ್ನ ಮೋಟಾರು ಬಿಟ್ಟೇ ಹೋಗಬೇಕು. ಲೋಣಾವಳಾದಲ್ಲಿ ರೈಲಿಳಿದವನು ನಡೆದೇ ರಾಜಮಾಚಿಯ ಜೋಡಿ ಕೋಟೆಗಳನ್ನು ಸೇರಬಹುದು. ದಿನಕ್ಕೆ ಹದಿನಾಲ್ಕು ತಾಸು ಮೇಜಿನಿಂದ ಮೇಜಿಗೆ ಓಡುವ ಮಾಣಿಯ ಕಾಲಿಗೆ ಈ ದಾರಿ ಹೊಸದೇ? ನಡೆಯುವ ವಿದ್ಯೆಯಲ್ಲಿ ನಮಗೆ ಪಾಠ ಹೇಳುವವರು ಈ ಊರಿನಲ್ಲಿ ಇಲ್ಲ.

ಇನ್ನು ನಿಜವಾದ ತೊಡಕಿಗೆ ಬರೋಣ. ತೊಡಕು ಇರುವುದು ರೈಲು ಮುಗಿದಲ್ಲಿಂದ ಬೆಟ್ಟ ಶುರುವಾಗುವಲ್ಲಿಯವರೆಗೆ. ಕಳಸೂಬಾಯಿಯನ್ನೇ ತೆಗೆದುಕೊಳ್ಳಿ. 1646 ಮೀಟರು ಎತ್ತರದ ಈ ಶಿಖರ ಮಹಾರಾಷ್ಟ್ರಕ್ಕೆಲ್ಲ ಹಿರಿದು. ಅದರ ಬುಡದ ಹಳ್ಳಿ ಬಾರಿ. ಕಸಾರಾದಲ್ಲಿ ಇಳಿದವನು ಸೀಟಿನ ಲೆಕ್ಕದ ಜೀಪಿನಲ್ಲಿ ಘಾಟು ಹತ್ತಿ ಘೋಟಿ ಸೇರಬೇಕು. ಅಲ್ಲಿಂದ ಭಂಡಾರದರಾ, ರಾಜೂರಿನ ಕಡೆಗೆ ಹೋಗುವ ಎಸ್.ಟಿ. ಬಸ್ಸನ್ನೋ ಜೀಪನ್ನೋ ಹಿಡಿದು ಬಾರಿಯ ಫಾಟಾದಲ್ಲಿ ಇಳಿಯಬೇಕು. ಆಮೇಲೆ ಉಳಿಯುವುದು ಮೂರು ತಾಸಿನ ಏರು, ಕಡಿದಾದಲ್ಲಿ ಕಬ್ಬಿಣದ ಏಣಿಗಳು, ತುದಿಯಲ್ಲಿ ದೇವಿಯ ಪುಟ್ಟ ಗುಡಿ. ದಾರಿ ಇದೆ. ಬಸ್ಸು ಯಾವಾಗ ಎಂಬುದೇ ಪ್ರಶ್ನೆ.

ಹಳ್ಳಿಯ ಬಸ್ಸಿನ ಮರ್ಮವನ್ನು ನಾವು ತಿಳಿದಿರಬೇಕು. ಅದು ಪೇಟೆಯವನಿಗಾಗಿ ಓಡುವುದಿಲ್ಲ. ಸಂಜೆ ಪೇಟೆಯಿಂದ ಹೊರಟು, ರಾತ್ರಿ ಹಳ್ಳಿಯಲ್ಲೇ ಮುಕ್ಕಾಂ ಮಾಡಿ, ಬೆಳಗಾಗುತ್ತಲೇ ಶಾಲೆಯ ಮಕ್ಕಳನ್ನೂ ಸಂತೆಯವರನ್ನೂ ಹೊತ್ತು ಪೇಟೆಗೆ ಇಳಿಯುತ್ತದೆ. ಬೆಳಗಿನ ಲೋಕಲಿನಲ್ಲಿ ಬಂದಿಳಿದ ನಮ್ಮವನಿಗೆ ಎದುರಾಗುವುದು ಖಾಲಿ ನಿಲ್ದಾಣ. “ನೋಡಿದಿರಾ, ಬಸ್ಸೇ ಇಲ್ಲ” ಎಂದು ಅವನು ಹಿಂದಿರುಗುತ್ತಾನೆ. ಬಸ್ಸು ಇತ್ತು, ಅವನು ಬರುವ ಹೊತ್ತು ತಪ್ಪಿತ್ತು. ಹಿಂದಿನ ಸಂಜೆಯೇ ಮುಕ್ಕಾಮಿನ ಗಾಡಿ ಹಿಡಿದು, ಹಳ್ಳಿಯ ಮನೆಯಲ್ಲಿ ರೊಟ್ಟಿ–ಪಿಠಲೆ ಉಂಡು ಮಲಗಿ, ನಸುಕಿನಲ್ಲಿ ಬೆಟ್ಟ ಹತ್ತಿದರೆ ಮಧ್ಯಾಹ್ನಕ್ಕೆ ಇಳಿದು ರಾತ್ರಿಗೆ ಕೋಣೆ ಸೇರಬಹುದು. ಮೋಟಾರಿನವನು ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಚೆಲ್ಲುವ ಹಣ ಹಳ್ಳಿಯ ತಾಯಿಯ ಸೆರಗಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ಬಂದು ಉಂಡವನ ಹಣ ಅಲ್ಲಿಯೇ ಉಳಿಯುತ್ತದೆ.

ಹೋಟೆಲಿನವರಿಗೆ ಭಾನುವಾರ ರಜೆ ಎಲ್ಲಿಂದ ಬರಬೇಕು? ಮಂಗಳವಾರವೋ ಬುಧವಾರವೋ ಸಿಕ್ಕಿದ್ದೇ ಪುಣ್ಯ. ಶನಿವಾರ ರಾತ್ರಿ ದುಬಾರಿ ಬಸ್ಸು ಹೊರಡಿಸುವ ತಂಡಗಳು ನಮಗೆ ದಕ್ಕುವುದಿಲ್ಲ. ಆದರೆ ಶಾಲೆಯ ಬಸ್ಸು ಓಡುವುದು ಆ ಮಂಗಳವಾರ, ಬುಧವಾರಗಳಲ್ಲೇ ಅಲ್ಲವೇ! ವಾರದ ರಜೆ 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಕಾಲದಿಂದಲೂ ಕಾನೂನಿನ ಪುಸ್ತಕದಲ್ಲಿದೆ. ಅದನ್ನು ಪುಸ್ತಕದಿಂದ ಕೆಲಸದ ಮನೆಗೆ ಇಳಿಸಿಕೊಳ್ಳುವುದು ಸಂಘದ ಕರ್ತವ್ಯ. ರಜೆಯ ಹಿಂದಿನ ಸಂಜೆ ನಾಲ್ಕಕ್ಕೆ ಬಿಡುವು ಕೊಡದ ಮಾಲಿಕನ ಮುಂದೆ ಕೇಳಬೇಕಾದುದು ದಾನವನ್ನಲ್ಲ, ಹಕ್ಕನ್ನು.

ಇದು ವಿನೋದದ ಮಾತೆಂದು ನಗುವವರಿಗೆ ಇನ್ನೊಂದು ಸಂಗತಿ. ಎಸ್.ಟಿ.ಯ ಮೊದಲ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಹಮದನಗರಕ್ಕೆ ಓಡಿತು. ಬಹುಜನ ಹಿತಾಯ, ಬಹುಜನ ಸುಖಾಯ ಎಂಬುದು ಅದರ ಧ್ಯೇಯವಾಕ್ಯ. 2022ರಲ್ಲಿ 75 ವರ್ಷ ದಾಟಿದವರಿಗೆ ಉಚಿತ ಪ್ರಯಾಣ, 2023ರಲ್ಲಿ ಹೆಂಗಸರಿಗೆ ಅರ್ಧ ದರ ಎಂದು ಸರಕಾರ ಸಾರಿತು. ಒಳ್ಳೆಯದೇ. ಆದರೆ ಟಿಕೇಟು ಉಚಿತವಾಗಿ ಬಸ್ಸೇ ಇಲ್ಲದಿದ್ದರೆ ಫಲವೇನು? ಜನ ಕಡಿಮೆಯೆಂದು ಫೇರಿಯನ್ನು ನಿಲ್ಲಿಸಿದರೆ ಮೊದಲು ಮನೆಯಲ್ಲಿ ಕೂರುವವಳು ಎಂಟನೆಯ ಇಯತ್ತೆಯ ಹುಡುಗಿ. ಆಮೇಲೆ ಆಸ್ಪತ್ರೆಗೆ ಹೋಗಬೇಕಾದ ಮುದುಕ. ಮೋಟಾರಿನಲ್ಲಿ ಧೂಳೆಬ್ಬಿಸಿ ಹೋಗುವ ನಾಲ್ವರು ಆ ಬಸ್ಸಿಗೆ ನಾಲ್ಕು ಟಿಕೇಟಿನ ನಷ್ಟ. ಬಸ್ಸು ಹತ್ತುವ ನಾವು ನಾಲ್ವರು ಅದಕ್ಕೆ ನಾಲ್ಕು ಟಿಕೇಟಿನ ಬಲ. ಇದಕ್ಕಾಗಿ ಡ್ರೈವರನನ್ನೋ ಕಂಡಕ್ಟರನನ್ನೋ ಬಯ್ಯಬೇಡಿ. 2021ರ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಮುಷ್ಕರ ಹೂಡಿದ ಅವರೂ ನಮ್ಮ ಬಳಗದವರೇ.

ದೇವರಿದ್ದಲ್ಲಿಗೆ ಬಸ್ಸು ತಾನಾಗಿ ಬರುತ್ತದೆ. ಭೀಮಾಶಂಕರಕ್ಕೆ ಎಸ್.ಟಿ. ಇದೆ. ನಮ್ಮ ಕುಕ್ಕೆ ಸುಬ್ರಹ್ಮಣ್ಯಕ್ಕೂ ಸಾರಿಗೆ ಬಸ್ಸು ಇದೆ. ಅಲ್ಲಿ ಇಳಿದವನು ನಡೆದೇ ಕುಮಾರಪರ್ವತದ ಕಾಲುದಾರಿ ಹಿಡಿಯಬಹುದು. ಭಕ್ತನಿಗೆ ಓಡಿಸಬಲ್ಲ ಬಸ್ಸನ್ನು ದುಡಿದು ದಣಿದವನಿಗೆ ಓಡಿಸಲಾಗದೆ?

ಕೇಳದೆ ಯಾರೂ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಅರಳೆಗಿರಣಿಗಳ ಊರಾದ ಮ್ಯಾಂಚೆಸ್ಟರಿನ ದುಡಿಯುವ ತರುಣರು 1932ರ ಏಪ್ರಿಲ್ 24ರಂದು ನೂರಾರು ಮಂದಿ ಸೇರಿ, ಶ್ರೀಮಂತರು ಹಕ್ಕಿಬೇಟೆಗೆಂದು ಬೇಲಿ ಹಾಕಿಕೊಂಡಿದ್ದ ಕಿಂಡರ್ ಸ್ಕೌಟ್ ಬೆಟ್ಟವನ್ನು ಹತ್ತಿದರು. ಐವರು ಜೈಲಿಗೆ ಹೋದರು. 1949ರಲ್ಲಿ ಕಾಯಿದೆ ಬಂತು. 1951ರಲ್ಲಿ ಆ ಪ್ರದೇಶವೇ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ 1982ರ ಮುಷ್ಕರದ ನಂತರ ನಮ್ಮ ಗಿರಣಿಗಳು ಹೋದವು; ಗಿರಣಿ ನಿಂತಿದ್ದ ನೆಲದಲ್ಲಿ ಇಂದು ಮೋಟಾರುಗಳು ನಿಂತಿವೆ. ನೆಲ ಹೋಯಿತು. ಬೆಟ್ಟವನ್ನೂ ಬಿಟ್ಟುಕೊಡಬೇಕೇ?

ಆದ್ದರಿಂದ ಸಂಘದ ಮುಂದೆ ಮೂರು ಮಾತು. ಒಂದು, ಸಂಘದ ವಾರ್ಷಿಕ ವಿಹಾರಕ್ಕೆ ಹವಾನಿಯಂತ್ರಿತ ಬಸ್ಸು ಗೊತ್ತುಮಾಡಿ ಈಜುಕೊಳದ ಬಂಗಲೆಗೆ ಹೋಗುವ ಪದ್ಧತಿ ನಿಲ್ಲಲಿ. ಲೋಕಲ್ ಮತ್ತು ಎಸ್.ಟಿ.ಯಲ್ಲಿ ಹೋಗೋಣ. ಎರಡು, ಬೆಳಗಿನ ಮೊದಲ ಕಸಾರಾ ಲೋಕಲಿಗೆ ಹೊಂದಿಕೊಂಡು ಬಾರಿಯ ಕಡೆಗೆ ಒಂದು ಬಸ್ಸು ಬೇಕೆಂದೂ ಸ್ಟೇಷನ್ನಿನಲ್ಲೇ ಅದರ ವೇಳಾಪಟ್ಟಿ ತೂಗುಹಾಕಬೇಕೆಂದೂ ಸಾವಿರ ಸಹಿಗಳ ಅರ್ಜಿ ಹೋಗಲಿ. ಆ ಹಳ್ಳಿಯವರ ಸಹಿ ಮೊದಲು ಇರಲಿ. ಮೂರು, ದಾರಿ ಬಲ್ಲ ಹಿರಿಯರು ಹೊಸಬರನ್ನು ಕರೆದೊಯ್ಯಲಿ. ಜಡಿಮಳೆಯಲ್ಲಿ ಮಾತ್ರ ಯಾರೂ ಹಟ ಮಾಡಬಾರದು. 2023ರ ಜುಲೈಯಲ್ಲಿ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದದ್ದನ್ನು ಮರೆಯಬಾರದು.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ದೂರದಲ್ಲೇ ಕುಳಿತವರಿಗೆ ಸರಿ. ಬಾಂಧವರೇ, ಹತ್ತಿರ ಹೋಗೋಣ; ಅದರ ಕಲ್ಲು ಮುಳ್ಳು ನಮ್ಮ ಕಾಲಿಗೂ ತಾಕಲಿ, ಅದರ ಗಾಳಿ ನಮ್ಮ ಎದೆಗೂ ಬೀಸಲಿ. ಅರ್ಜಿಗೆ ಸಹಿ ಹಾಕಿರಿ, ಟಿಕೇಟು ಕೊಳ್ಳಿರಿ, ಹೊರಡಿರಿ.